ದಪ್ಪ ತಂತಿಯ ಕ್ಯಾಸೆಟ್ಟು

ನಮ್ಮ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದವನು ತನ್ನದೇ ಒಂದು ಕ್ಯಾಸೆಟ್ ತರುತ್ತೇನೆಂದು ಹೇಳಿದ ದಿನ, ಅದರಲ್ಲಿ ಹಾಡುವವಳು ನಾನೇ ಎಂದು ಕೇಳದೆಯೇ ನಂಬಿಕೊಂಡೆ. ಬೇರೆ ಯೋಚನೆಗೆ ಕಾರಣವೂ ಇರಲಿಲ್ಲ. ಎಂಟು ವರ್ಷ ಒಂದೇ ವೇದಿಕೆಯ ಮೇಲೆ ನಿಂತವರು ನಾವು. ನಾನು ಮುಂದೆ, ಅವನು ಹಿಂದೆ.

ಎಂಬತ್ತರ ದಶಕದ ಮಾತು. ಬ್ಯಾಂಡು ಅಂದರೆ ನಾವು ಐದು ಜನ. ಲೀಡ್ ಗಿಟಾರಿನವನು ಆಂಧ್ರದ ಗಡಿಯಲ್ಲಿರುವ ನಮ್ಮ ಹಿಂದೂಪುರದವನೇ, ಬೆಂಗಳೂರಿನಲ್ಲಿ ಕಾಲೇಜು ಓದಿ ಕೂದಲು ಹೆಗಲಿಗೆ ಬೀಳುವಷ್ಟು ಬಿಟ್ಟುಕೊಂಡು ಬಂದಿದ್ದ. ದೊಡ್ಡ ಡ್ರಮ್ಮಿನ ಮೇಲೆ ಇಂಗ್ಲಿಷಿನಲ್ಲಿ ರಾಕ್ ಬ್ಯಾಂಡ್ ಎಂದು ಬರೆಸಿದ್ದ. ಜನ ಮಾತ್ರ ನಮ್ಮನ್ನು ಆರ್ಕೆಸ್ಟ್ರಾದೋರು ಅಂತಲೇ ಕರೆಯುತ್ತಿದ್ದರು. ಯಾವ ಊರಿಗೆ ಹೋದರೂ ಮೊದಲ ಹತ್ತು ನಿಮಿಷ ಹುಡುಗರು ಗಿಟಾರನ್ನೂ ಡ್ರಮ್ಮನ್ನೂ ಕೇಳುವವರ ಎದೆ ನಡುಗುವ ಹಾಗೆ ಬಾರಿಸುತ್ತಿದ್ದರು, ಮುದುಕರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಆಮೇಲೆ ನಾನು ಬಂದು ಸಿನಿಮಾ ಹಾಡು ಎತ್ತಿಕೊಂಡರೆ ಎಲ್ಲರೂ ಸಮಾಧಾನವಾಗಿ ಕೂರುತ್ತಿದ್ದರು. ಒಂದು ತೆಲುಗು, ಒಂದು ಕನ್ನಡ, ಹೀಗೆ ಬದಲಿಸಿ ಬದಲಿಸಿ ಹಾಡಬೇಕಿತ್ತು, ಇಲ್ಲದಿದ್ದರೆ ಯಾವುದಾದರೂ ಒಂದು ಮೂಲೆಯಿಂದ ಚೀಟಿ ಬರುತ್ತಿತ್ತು.

ನನ್ನದು ತೆಳುವಾದ, ಎತ್ತರಕ್ಕೆ ಹೋಗುವ ಗಂಟಲು. ಸಿನಿಮಾದ ಹಾಡುಗಾರ್ತಿಯರ ಹಾಗೇ ಇದೆ ಎಂದು ಹೇಳಿಸಿಕೊಂಡು ಬೆಳೆದವಳು. ಮದುವೆಯಾದ ಮೇಲೂ ನನ್ನ ಗಂಡ ಹಾಡುವುದನ್ನು ಬಿಡಿಸಲಿಲ್ಲ. ಅವರಿಗೆ ಹಿಂದೂಪುರದ ಬಸ್ ಸ್ಟ್ಯಾಂಡಿನ ಹತ್ತಿರ ಕ್ಯಾಸೆಟ್ ಅಂಗಡಿ ಇತ್ತು. ಜನ ತಮಗೆ ಬೇಕಾದ ಹಾಡುಗಳ ಪಟ್ಟಿ ಬರೆದು ಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದರು. ಕಾರ್ಯಕ್ರಮ ಇಲ್ಲದ ದಿನ ನಾನೂ ಅಂಗಡಿಯಲ್ಲಿ ಕೂರುತ್ತಿದ್ದೆ. ಬಂದ ಗಿರಾಕಿಗಳು ನನ್ನನ್ನು ಗುರುತು ಹಿಡಿದು, "ನೀವಲ್ವಾ ಮೇಡಂ ಆವತ್ತು ಹಾಡಿದ್ದು" ಎಂದು ಕೇಳುತ್ತಿದ್ದರು. ಆ ಮಾತಿಗಾಗಿಯೇ ನಾನು ಅಂಗಡಿಗೆ ಹೋಗುತ್ತಿದ್ದೆ ಎಂದು ಈಗ ಹೇಳಬಹುದು.

ಬೇಸ್ ಗಿಟಾರಿನವನ ಊರು ಕಲ್ಯಾಣದುರ್ಗ. ಅಲ್ಲಿ ಅವನಿಗೆ ಬೋರ್‌ವೆಲ್ ಮೋಟಾರುಗಳ ತಾಮ್ರದ ತಂತಿ ಸುತ್ತಿಕೊಡುವ ರೀವೈಂಡಿಂಗ್ ಅಂಗಡಿ ಇತ್ತು. ಬೆರಳುಗಳಿಂದ ಯಾವಾಗಲೂ ವಾರ್ನಿಷ್ ವಾಸನೆ. ಗಿಟಾರಿನ ದಪ್ಪ ತಂತಿಗಳು ಹಳೆಯದಾದರೆ ಹೊಸದಕ್ಕೆ ಬೆಂಗಳೂರಿಗೇ ಹೋಗಬೇಕಿತ್ತು, ಆದ್ದರಿಂದ ಅವನು ಅವನ್ನು ಬಿಚ್ಚಿ ಸೋಡಾ ಹಾಕಿದ ನೀರಿನಲ್ಲಿ ಕುದಿಸಿ ಒಣಗಿಸಿ ಮತ್ತೆ ಕಟ್ಟುತ್ತಿದ್ದ. ಮಾತು ಕಡಿಮೆ. ವೇದಿಕೆಯ ಮೇಲೆ ತಾನೇ ಮಾಡಿಕೊಂಡಿದ್ದ ದೊಡ್ಡ ಮರದ ಸ್ಪೀಕರ್ ಪೆಟ್ಟಿಗೆಯ ಪಕ್ಕ ಕತ್ತಲಲ್ಲಿ ನಿಂತಿರುತ್ತಿದ್ದ. ನಮ್ಮ ಬ್ಯಾಂಡಿನ ಫೋಟೋಗಳಲ್ಲಿ ಅವನ ಅರ್ಧ ಹೆಗಲು, ಗಿಟಾರಿನ ತುದಿ, ಇಷ್ಟೇ ಕಾಣುತ್ತದೆ.

ಒಮ್ಮೆ ಸೋಮಂದೇಪಲ್ಲಿಯ ಒಂದು ಮದುವೆಯಲ್ಲಿ ನನಗೆ ಹಾಡಿನ ಮಧ್ಯೆ ಶ್ರುತಿ ತಪ್ಪಿತು. ಜ್ವರ ಬಂದು ಎದ್ದ ವಾರ ಅದು. ಎರಡನೆಯ ಚರಣ ಎಲ್ಲಿಂದ ಎತ್ತಿಕೊಳ್ಳಬೇಕೋ ಗೊತ್ತಾಗದೆ ಮೈಕ್ ಹಿಡಿದು ನಿಂತೆ. ಲೀಡ್ ಗಿಟಾರಿನವನು ಮುಖ ಗಂಟು ಹಾಕಿಕೊಂಡು ನನ್ನನ್ನೇ ನೋಡಿದ. ಆಗ ಹಿಂದಿನಿಂದ ಒಂದೇ ಸ್ವರ, ದಪ್ಪಗೆ, ಮತ್ತೆ ಮತ್ತೆ ಬರತೊಡಗಿತು. ನಾನು ಹಿಡಿಯುವವರೆಗೂ ಅವನು ಅದನ್ನು ಬಿಡಲಿಲ್ಲ. ಹಿಡಿದೆ, ಹಾಡು ಮುಗಿಸಿದೆ, ಚಪ್ಪಾಳೆ ಬಿತ್ತು. ಅವನಿಗೆ ಥ್ಯಾಂಕ್ಸ್ ಹೇಳಲಿಲ್ಲ. ಅದು ಅವನ ಕೆಲಸ ಎಂದುಕೊಂಡಿದ್ದೆ.

ಭಾನುವಾರದ ಪ್ರಾಕ್ಟೀಸು ಲೀಡ್ ಗಿಟಾರಿನವನ ಮನೆಯ ಹಿಂದೆ, ರೇಷ್ಮೆ ನೂಲು ತೆಗೆಯುವುದನ್ನು ನಿಲ್ಲಿಸಿದ್ದ ಒಂದು ಹಳೆಯ ಶೆಡ್ಡಿನಲ್ಲಿ. ಅಂಥದೊಂದು ಭಾನುವಾರವೇ ಬೇಸ್ ಗಿಟಾರಿನವನು ಕ್ಯಾಸೆಟ್ಟಿನ ಮಾತು ತೆಗೆದದ್ದು. ಬೆಂಗಳೂರಿನಲ್ಲಿ ಸ್ಟುಡಿಯೋ ಗೊತ್ತು ಮಾಡಿದ್ದೀನಿ, ಎಲ್ಲಾ ಬೇಸ್ ಗಿಟಾರಿನದೇ, ಒಂದು ಹಾಡು ಮಾತ್ರ ಇರ್ತದೆ ಅಂದ. ಉಳಿದವರು ನಕ್ಕರು. ಬರೀ ಬೇಸ್ ಗಿಟಾರನ್ನು ಯಾರು ಕೇಳುತ್ತಾರೆ ಎಂದು ಡ್ರಮ್ಮಿನವನು ಕೇಳಿಯೂಬಿಟ್ಟ. ನಾನು ನಗಲಿಲ್ಲ. ನನ್ನ ತಲೆ ಆಗಲೇ ಆ ಒಂದು ಹಾಡಿಗೆ ಹೋಗಿತ್ತು. ಮನೆಗೆ ಬಂದು ಗಂಡನಿಗೆ ಹೇಳಿದೆ, ಪಕ್ಕದ ಮನೆಯವರಿಗೆ ಹೇಳಿದೆ, ಅಂಗಡಿಗೆ ಬಂದ ಇಬ್ಬರು ಗಿರಾಕಿಗಳಿಗೂ ಹೇಳಿದೆ. ಕ್ಯಾಸೆಟ್ಟಿನ ಮೇಲೆ ಫೋಟೋ ಹಾಕಿದರೆ ಬೇಕಾಗುತ್ತದೆಂದು ಒಂದು ನೀಲಿ ಸೀರೆಯನ್ನು ಇಸ್ತ್ರಿಗೆ ಕೊಟ್ಟು ತರಿಸಿ ಎತ್ತಿಟ್ಟೆ.

ಒಂದು ತಿಂಗಳು ಕಳೆಯಿತು. ಅವನು ಹಾಡಿನ ಸುದ್ದಿಯೇ ಎತ್ತಲಿಲ್ಲ. ಕೊನೆಗೆ ನಾನೇ ಕೇಳಿದೆ. "ಹಾಡು ಯಾವ್ದು ಕಣಪ್ಪ? ಮೊದ್ಲೇ ಹೇಳಿದ್ರೆ ನಾನೂ ಒಂಚೂರು ಕೂತು ತಯಾರಾಗ್ತೀನಿ."

ಅವನು ಗಿಟಾರನ್ನು ಚೀಲಕ್ಕೆ ಹಾಕುತ್ತಿದ್ದವನು ಕೈ ನಿಲ್ಲಿಸಿದ. "ಅಕ್ಕಾ, ಅದನ್ನ ನಮ್ಮತ್ತೆ ಹಾಡ್ತಾಳೆ. ಬೆಳುಗುಪ್ಪದಾಗವ್ಳೆ. ನಮ್ಮಪ್ಪನ ತಂಗಿ."

"ಯಾವ ಬ್ಯಾಂಡಿನಾಗೆ ಹಾಡ್ತಾರೆ?"

"ಬ್ಯಾಂಡೂ ಇಲ್ಲ, ಏನೂ ಇಲ್ಲ. ಹೊಲ ಮಾಡ್ಕೊಂಡವ್ಳೆ. ಕಳ್ಳೆಕಾಯಿ ಸುಲಿಯೋವಾಗ ಹಾಡ್ತಿರ್ತಾಳೆ."

ನಾನು ಒಳ್ಳೆಯದಾಯ್ತು ಎಂದೆ. ನಗುತ್ತಲೇ ಅಂದೆ ಎಂದು ನೆನಪು. ದಾರಿಯುದ್ದಕ್ಕೂ ಕೆನ್ನೆ ಬಿಸಿಯಾಗಿತ್ತು. ಅವನ ಮೇಲೆ ನನಗೆ ಬೇರೆ ಯಾವ ಆಸೆಯೂ ಇರಲಿಲ್ಲ, ಯಾರಾದರೂ ಹಾಗೆ ಅಂದುಕೊಂಡಾರು ಎಂದು ಹೇಳುತ್ತಿದ್ದೇನೆ. ಅವನು ನನಗಿಂತ ಚಿಕ್ಕವನು, ಅಕ್ಕಾ ಎಂದೇ ಕರೆಯುತ್ತಿದ್ದ. ಗಂಡಿನ ಮೇಲಿನ ಮತ್ಸರವಾಗಿದ್ದರೆ ನಾಲ್ಕು ದಿನ ಅತ್ತು ಮರೆಯುತ್ತಿದ್ದೆನೋ ಏನೋ. ಇದು ಗಂಟಲಿನ ಮೇಲಿನದು. ಊರಿನಲ್ಲಿ ಹಾಡುವವಳು ಎಂದರೆ ನಾನು ಎಂದಿದ್ದಾಗ, ಮೈಕನ್ನೇ ನೋಡದ ಒಬ್ಬ ರೈತರ ಹೆಂಗಸನ್ನು ಅವನು ಆರಿಸಿಕೊಂಡಿದ್ದ.

ಎರಡು ವಾರ ಬಿಟ್ಟು ಅವನೇ ಅಂಗಡಿಗೆ ಬಂದ. ಅತ್ತೆಯನ್ನು ಒಬ್ಬಳನ್ನೇ ಗಂಡಸರ ಜೊತೆ ಬೆಂಗಳೂರಿಗೆ ಕಳಿಸಲು ಅವಳ ಗಂಡ ಒಪ್ಪುತ್ತಿಲ್ಲವಂತೆ. "ನೀವು ಜತೇಲಿದ್ರೆ ಮಾವ ಕಳಿಸ್ತಾನಂತೆ ಅಕ್ಕಾ. ಅತ್ತೆಗೂ ಧೈರ್ಯ. ಮೈಕ್ ಹತ್ರ ಹೆಂಗಿರ್ಬೇಕು ಅಂತ ನೀವ್ ತೋರಿಸ್ಕೊಟ್ರೆ ಸಾಕು." ನನ್ನ ಗಂಡ ನನ್ನ ಮುಖ ನೋಡಿದರು. ನಾನು ತಕ್ಷಣ ಆಗಲಿ ಎಂದೆ. ಆ ಗಂಟಲನ್ನು ಕೇಳದೆ ಇರಲು ನನ್ನಿಂದ ಆಗುತ್ತಿರಲಿಲ್ಲ.

ಅವನ ಮಾವನನ್ನು ಒಪ್ಪಿಸಲು ಮೊದಲು ಬೆಳುಗುಪ್ಪಕ್ಕೆ ಹೋಗಬೇಕಾಯಿತು. ಪಾವಗಡದ ಮೇಲೆ ಹೋಗುವ ಬಸ್ಸಿನಲ್ಲಿ ಕಲ್ಯಾಣದುರ್ಗಕ್ಕೆ ಹೋಗಿ, ಅಲ್ಲಿಂದ ಅವನ ಜೊತೆ ಜೀಪು ಹತ್ತಿದೆ. ಮಾವ ನನ್ನನ್ನು ನೋಡಿದ್ದೇ ಒಪ್ಪಿಕೊಂಡ. ಅತ್ತೆ ಹಜಾರದಲ್ಲಿ ಮೂರು ಹೆಂಗಸರ ಜೊತೆ ಕೂತು ಬಿತ್ತನೆಗೆಂದು ಕಡ್ಲೆಕಾಯಿ ಸುಲಿಯುತ್ತಿದ್ದಳು. ಐವತ್ತರ ಆಸುಪಾಸು. ಎಲುಬು ಗಟ್ಟಿಯಾದ, ಅಗಲ ಮುಖದ ಹೆಂಗಸು, ಎರಡೂ ಕೈಗೆ ಮುಂಗೈ ಅರ್ಧದವರೆಗೆ ಗಾಜಿನ ಬಳೆ. ನನ್ನನ್ನು ಕಂಡು ಎದ್ದು ನಿಂತು, ಸೆರಗಿನಿಂದ ಚಾಪೆ ಒರೆಸಿ ಕೂರಿಸಿದಳು. ಹಾಡಿ ಎಂದರೆ ನಾಚಿಕೊಂಡಳು. "ನಂದೇನ್ ಹಾಡಮ್ಮ, ಕೆಲ್ಸ ಬೇಸ್ರ ಆಗ್ದಿರ್ಲಿ ಅಂತ ಗೊಣಗ್ತೀನಿ. ನೀನ್ ಹಾಡು, ನಾವ್ ಕೇಳಾನ."

ನಾನು ಹಾಡಿದೆ. ನನಗೆ ಚೆನ್ನಾಗಿ ಬರುವ, ತುಂಬಾ ಮೇಲಕ್ಕೆ ಹೋಗುವ ಒಂದು ಸಿನಿಮಾ ಹಾಡು. ಹೆಂಗಸರು ಕೈ ಬಿಟ್ಟು ಬಾಯಿ ತೆರೆದು ಕೇಳಿದರು. ಅತ್ತೆ ನನ್ನ ಗಲ್ಲ ಮುಟ್ಟಿ, "ಅಚ್ಚಂ ರೇಡಿಯೋಲಾ ಉಂದಿ" ಎಂದಳು. ಥೇಟ್ ರೇಡಿಯೋ ಹಾಗೇ ಇದೆ ಎಂದು. ನನಗೆ ಸಮಾಧಾನವಾಯಿತು. ಇಷ್ಟೇ ತಾನೇ ಎಂದುಕೊಂಡು ಮಜ್ಜಿಗೆ ಕುಡಿಯುತ್ತಾ ಕೂತೆ. ಹೆಂಗಸರು ಮತ್ತೆ ಸುಲಿಯತೊಡಗಿದರು. ಸ್ವಲ್ಪ ಹೊತ್ತಿಗೆ, ಯಾರೂ ಕೇಳದೆ, ಕಾಯಿ ಒಡೆಯುವ ಸದ್ದಿನ ಜೊತೆ ಅವಳ ಹಾಡು ಶುರುವಾಯಿತು.

ತವರಿಗೆ ಹೊರಟವಳು ದಾರಿಯಲ್ಲಿ ಸಿಗುವ ಊರುಗಳನ್ನು ಒಂದೊಂದಾಗಿ ಹೆಸರಿಸುತ್ತಾ ಹೋಗುವ ಹಾಡು. ಒಂದು ಸಾಲು ಕನ್ನಡ, ಮುಂದಿನದು ತೆಲುಗು. ಗಂಟಲು ಗಂಡಸಿನದೇನೋ ಅನ್ನುವಷ್ಟು ಕೆಳಗಿತ್ತು, ಆದರೆ ಗಂಡಸಿನದಲ್ಲ. ದೊಡ್ಡ ಹಂಡೆಯೊಳಗಿನ ನೀರು ಅಲುಗಿದ ಹಾಗೆ ಇತ್ತು. ಎಲ್ಲೂ ಎಳೆಯಲಿಲ್ಲ, ಬಳುಕಿಸಲಿಲ್ಲ. ಪ್ರತಿ ಊರಿನ ಹೆಸರನ್ನೂ ಅಲ್ಲಿ ಕಾಲಿಟ್ಟು ಮುಂದೆ ಹೋಗುವ ಹಾಗೆ ಹೇಳುತ್ತಿದ್ದಳು. ಬಾಗಿಲ ಹತ್ತಿರ ಕೂತಿದ್ದ ಅವನು ಕಣ್ಣು ಮುಚ್ಚಿದ್ದ, ಎಡಗೈ ಬೆರಳು ಮೊಣಕಾಲಿನ ಮೇಲೆ ಓಡುತ್ತಿತ್ತು. ಎಂಟು ವರ್ಷದಲ್ಲಿ ನಾನು ಹಾಡುವಾಗ ಅವನು ಕಣ್ಣು ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ. ಕಂಡಿರಲು ನಾನು ಹಿಂದಕ್ಕೆ ತಿರುಗಿ ನೋಡಿದ್ದೂ ಇಲ್ಲ, ಅದು ಬೇರೆ ಮಾತು. ಮಜ್ಜಿಗೆ ಲೋಟ ಕೆಳಗಿಟ್ಟೆ. ಹೊಟ್ಟೆಯೊಳಗೆ ನಿಜವಾಗಿಯೂ ಉರಿ ಎದ್ದಿತ್ತು, ಹೊಟ್ಟೆಕಿಚ್ಚು ಎನ್ನುವ ಮಾತು ಸುಮ್ಮನೆ ಹುಟ್ಟಿದ್ದಲ್ಲ ಎಂದು ಅವತ್ತು ತಿಳಿಯಿತು.

ರೆಕಾರ್ಡಿಂಗ್‌ನ ಹಿಂದಿನ ದಿನ ಅತ್ತೆ ಹಿಂದೂಪುರಕ್ಕೆ ಬಂದು ನಮ್ಮ ಮನೆಯಲ್ಲೇ ಉಳಿದುಕೊಂಡಳು. ಮರುದಿನ ನಸುಕಿಗೇ ಎದ್ದು ಬೇಡವೆಂದರೂ ಕೇಳದೆ ಹಿತ್ತಿಲಲ್ಲಿ ಪಾತ್ರೆ ಬೆಳಗಲು ಕೂತಳು. ನನ್ನ ಗಂಡ ಒಳಗೆ ಗಡ್ಡ ಹೆರೆದುಕೊಳ್ಳುತ್ತಿದ್ದವರು ರೇಜರ್ ಹಿಡಿದುಕೊಂಡೇ ಹಿತ್ತಿಲ ಬಾಗಿಲಿಗೆ ಬಂದರು. ಅರ್ಧ ಮುಖದಲ್ಲಿ ಸೋಪು ಹಾಗೇ ಇತ್ತು. "ಯಾರೇ ಅದು ಹಾಡ್ತಿರೋದು?" ಎಂದು ಪಿಸುಗುಟ್ಟಿದರು. ಅವಳೇ ಎಂದೆ. ಅವರು ಪಾತ್ರೆ ಮುಗಿಯುವವರೆಗೂ ಅಲ್ಲೇ ನಿಂತರು. ಸೋಪು ಒಣಗಿ ಬಿರುಕು ಬಿಟ್ಟಿತು.

ಪ್ಯಾಸೆಂಜರ್ ರೈಲಿನಲ್ಲಿ ಬೆಂಗಳೂರಿಗೆ ಹೋದೆವು. ಹಾಡಿಗೆಂದು ಸ್ಟುಡಿಯೋ ಒಂದು ದಿನಕ್ಕೆ ಮಾತ್ರ ಸಿಕ್ಕಿತ್ತು. ಅವನು ಗಿಟಾರಿನ ಭಾಗಗಳನ್ನು ಹಿಂದಿನ ವಾರವೇ ನುಡಿಸಿ ಮುಗಿಸಿದ್ದ. ಉಳಿದದ್ದು ಅತ್ತೆಯ ಹಾಡೊಂದೇ. ಹಾಡುವವರಿಗೆ ಗಾಜಿನ ಕಿಟಕಿ ಇದ್ದ ಸಣ್ಣ ಕೋಣೆ, ಗೋಡೆಗೆಲ್ಲ ದಪ್ಪ ಬಟ್ಟೆ, ಬಾಗಿಲು ಹಾಕಿದರೆ ಹೊರಗಿನದು ಏನೂ ಕೇಳದು. ಗಾಜಿನ ಆಚೆ ಇಂಜಿನಿಯರು, ಅವನ ಪಕ್ಕದಲ್ಲಿ ನಮ್ಮವನು. ಅತ್ತೆ ಒಳಗೆ ಕಾಲಿಡುತ್ತಲೇ ನನ್ನ ಕೈ ಹಿಡಿದುಕೊಂಡಳು. ನನಗೂ ಒಂದು ಕುರ್ಚಿ ಹಾಕಿದರು.

ಮೊದಲ ಸಲ ಕಿವಿಗೆ ಹೆಡ್‌ಫೋನ್ ಇಟ್ಟಾಗ ಬೆಚ್ಚಿ ತೆಗೆದುಹಾಕಿದಳು. ಎರಡನೇ ಸಲ ಮೆಲ್ಲಗೆ ನಾಲ್ಕು ಸಾಲು ಹಾಡಿದಳು. ಕೆಳಗಿನ ಆ ಗಂಟಲಿನಲ್ಲೇ. ಕೈ ತಾನಾಗಿಯೇ ಸುಲಿಯುವ ಹಾಗೆ ಆಡುತ್ತಿತ್ತು, ಬಳೆ ಸದ್ದಾಗುತ್ತಿತ್ತು. ಅವಳು ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಹೆಂಗ್ ಹಾಡ್ಲಿ ಕಣಮ್ಮ? ನಂಗೇನೂ ತಿಳಿಯಾಕಿಲ್ಲ. ನೀನ್ ಯೋಳ್ದಂಗೆ ಹಾಡ್ತೀನಿ."

ಬಳೆ ಸದ್ದಾಗದಿರಲು ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಬಳೆಗಳನ್ನು ಮೇಲಕ್ಕೆ ಸರಿಸಿ ಒಂದು ಕರ್ಚೀಫು ಸುತ್ತಿದರೆ ಮುಗಿಯಿತು, ಕೈ ಆಡಿಸುತ್ತಲೇ ಹಾಡಬಹುದು. ಕರ್ಚೀಫು ನನ್ನ ಬ್ಯಾಗಿನಲ್ಲೇ ಇತ್ತು. ನಾನು ಹೇಳಿದ್ದು, "ಕೈ ಅಲ್ಲಾಡಿಸ್ಬೇಡಿ ಅತ್ತಮ್ಮ, ತೊಡೆ ಮೇಲೆ ಇಟ್ಕೊಳ್ಳಿ. ಆಮೇಲೆ ಇಷ್ಟು ಕೆಳಗಿಂದ ಹಾಡಿದ್ರೆ ಮೈಕು ಹಿಡಿಯಲ್ಲ. ಇನ್ನೂ ಮೇಲಿಂದ ಎತ್ಕೊಳ್ಳಿ." ಮೇಲಿನ ಸ್ವರವನ್ನು ಸಣ್ಣಗೆ ಹಾಡಿ ತೋರಿಸಿದೆ. ಅದು ನನ್ನ ಗಂಟಲಿನ ಜಾಗ.

ಅವಳು ಶಾಲೆಯ ಹುಡುಗಿಯ ಹಾಗೆ ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು ಕೂತು ಮೇಲಿನಿಂದ ಎತ್ತಿಕೊಂಡಳು. ಎರಡನೇ ಊರಿನ ಹೆಸರಿಗೇ ಗಂಟಲು ಒಡೆಯಿತು. ಮತ್ತೆ ಹಾಡಿದಳು, ಮತ್ತೆ ಒಡೆಯಿತು. ಅವನು ಬಾಗಿಲು ತೆಗೆದುಕೊಂಡು ಒಳಗೆ ಬಂದ. "ಅತ್ತೆ, ನಿಂಗೆ ಮನೇಲಿ ಹೆಂಗ್ ಬರ್ತದೋ ಹಂಗೇ ಹಾಡು. ಕೆಳಗೇ ಹಾಡು."

"ನೀನ್ ಸುಮ್ಕಿರಪ್ಪ," ಎಂದಳು ಅತ್ತೆ. "ಈ ಯಮ್ಮ ಕಲ್ತಿರೋಳು. ಮೈಕ್ನಾಗೆ ಹೆಂಗ್ ಹಾಡ್ಬೇಕು ಅನ್ನೋದು ಈ ಯಮ್ಮನಿಗೆ ಗೊತ್ತು. ನಿಂಗೇನ್ ಗೊತ್ತು, ನೀನ್ ಯಾವತ್ತನ್ನ ಹಾಡಿದ್ದೀಯಾ?"

ಅವನು ನನ್ನ ಕಡೆ ನೋಡಿದ. ಆಗ ಒಂದು ಮಾತು ಆಡಿದ್ದರೆ ಸಾಕಾಗಿತ್ತು. ನಾನು ಬ್ಯಾಗಿನ ಜಿಪ್ಪು ಎಳೆಯುತ್ತಾ ಕೂತೆ. ಅವನು ಹೊರಗೆ ಹೋದ.

ಮಧ್ಯಾಹ್ನದವರೆಗೂ ಹಾಗೇ ನಡೆಯಿತು. ಅತ್ತೆ ಸೋಲೊಪ್ಪುವ ಹೆಂಗಸಲ್ಲ. ಪ್ರತಿ ಸಲವೂ ನನ್ನ ಮುಖ ನೋಡಿ, ನಾನು ತೋರಿಸಿದಷ್ಟು ಎತ್ತರಕ್ಕೆ ಹೋಗಲು ನೋಡುತ್ತಿದ್ದಳು. ಕುತ್ತಿಗೆಯ ನರ ಉಬ್ಬುತ್ತಿತ್ತು. ಊಟದ ಹೊತ್ತಿಗೆ ಮಾತಾಡಿದರೂ ಗಾಳಿ ಮಾತ್ರ ಬರುವಂತಾಯಿತು. ಬಿಸಿ ನೀರು ಕುಡಿಸಿದೆವು. ಏನೂ ಪ್ರಯೋಜನವಾಗಲಿಲ್ಲ. ಇಂಜಿನಿಯರು ಗಡಿಯಾರ ನೋಡಿಕೊಂಡು, "ಇವರು ಹಾಡೋರು ಅಂದ್ರಲ್ಲ, ಇವರ ಕೈಲೇ ಹಾಡಿಸಿ ಮುಗಿಸ್ಬಿಡಿ" ಎಂದು ನನ್ನನ್ನು ತೋರಿಸಿದ. ನಮ್ಮವನು ಅತ್ತೆಯ ಕಡೆ ನೋಡಿದ. ಆಮೇಲೆ, "ಹಾಡ್ತೀರಾ ಅಕ್ಕಾ?" ಅಂದ.

ಬೆಳಗಿನಿಂದ ಅಷ್ಟು ಸಲ ಕೇಳಿದ ಹಾಡು. ಊರುಗಳ ಹೆಸರು ಎಲ್ಲ ಬಾಯಿಗೆ ಬಂದಿತ್ತು. ಮೊದಲ ಸಲಕ್ಕೇ ಹಾಡಿ ಮುಗಿಸಿದೆ, ಒಂದು ಸ್ವರವೂ ಅತ್ತಿತ್ತ ಆಗಲಿಲ್ಲ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಹಾಡಿರಲಿಲ್ಲ. ಗಾಜಿನ ಆಚೆ ಅತ್ತೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಹೊರಗೆ ಬಂದ ಕೂಡಲೇ ನನ್ನ ಮುಖದ ಮುಂದೆ ಕೈ ಸುಳಿದು ನೆಟಿಗೆ ಮುರಿದು ದೃಷ್ಟಿ ತೆಗೆದಳು. ಅವನು, "ಚೆನ್ನಾಗೈತೆ ಅಕ್ಕಾ" ಎಂದ. ವಾಪಸು ಬರುವ ರೈಲಿನಲ್ಲಿ ಅತ್ತೆ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಮಾಡಿದಳು. ನಾನು ಖುಷಿಯಾಗಿದ್ದೆ. ನಾಚಿಕೆಯೂ ಇತ್ತು, ಇಲ್ಲ ಎನ್ನುವುದಿಲ್ಲ, ಆದರೆ ಖುಷಿಯ ಮುಂದೆ ಅದು ಚಿಕ್ಕದಿತ್ತು.

ಕ್ಯಾಸೆಟ್ಟುಗಳು ತಯಾರಾಗಿ ಬಂದವು. ಮೇಲೆ ಯಾರ ಫೋಟೋವೂ ಇರಲಿಲ್ಲ, ಒಂದು ಬಿಚ್ಚಿದ ಮೋಟಾರಿನ ಪಕ್ಕ ಒರಗಿಸಿಟ್ಟ ಗಿಟಾರು ಅಷ್ಟೆ. ಒಂದು ಕಟ್ಟು ನಮ್ಮ ಅಂಗಡಿಗೆ ಬಂತು. ಅಂಗಡಿಯ ಟೇಪಿಗೆ ಹಾಕಿ ನನ್ನ ಹಾಡು ಯಾವಾಗ ಬರುತ್ತದೋ ಎಂದು ಕಾದೆ. ಎರಡನೇ ಬದಿಯಲ್ಲಿ ಆ ಹಾಡಿನ ಆರಂಭ ಬಂತು. ಗಿಟಾರು ನನಗೆ ಗೊತ್ತಿದ್ದ ಜಾಗಕ್ಕೆ ಬಂದು ನಿಂತಿತು. ಇನ್ನು ನಾನು ಎತ್ತಿಕೊಳ್ಳಬೇಕು. ಗಂಟಲು ಬರಲಿಲ್ಲ. ಅದರ ಬದಲು ಇನ್ನೊಂದು ಬೇಸ್ ಗಿಟಾರು ಹಾಡತೊಡಗಿತು. ಏನೋ ತಪ್ಪಾಗಿದೆ ಎಂದು ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದೆ. ತಪ್ಪಾಗಿರಲಿಲ್ಲ. ಅವನು ಮತ್ತೊಂದು ದಿನ ಹೋಗಿ ಅತ್ತೆಯ ಹಾಡನ್ನು ದಪ್ಪ ತಂತಿಯ ಮೇಲೆ ತಾನೇ ನುಡಿಸಿದ್ದ, ಅವಳು ಬೆಳುಗುಪ್ಪದ ಹಜಾರದಲ್ಲಿ ಹಾಡಿದ ಹಾಗೇ, ಎಳೆಯದೆ, ಬಳುಕಿಸದೆ, ಒಂದೊಂದು ಊರಿನಲ್ಲೂ ಕಾಲಿಟ್ಟು.

ಮೊದಲು ಯಾರೂ ಕೊಳ್ಳಲಿಲ್ಲ. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಆಮೇಲೆ ಕಲ್ಯಾಣದುರ್ಗದ ಜೀಪಿನವರು ಅದನ್ನು ಹಾಕತೊಡಗಿದರು. ಮಾತಿಲ್ಲದ ಹಾಡಾದ್ದರಿಂದ ಜೀಪಿನಲ್ಲಿ ತೆಲುಗು ಹಾಕು, ಕನ್ನಡ ಹಾಕು ಎಂಬ ಜಗಳ ಇರಲಿಲ್ಲವಂತೆ. ಅಲ್ಲಿಂದ ಬಸ್ಸಿಗೆ ಬಂತು, ಬಸ್ಸಿನಿಂದ ಹಿಂದೂಪುರದ ಹೋಟೆಲುಗಳಿಗೆ. ಅಂಗಡಿಗೆ ಬಂದವರು, "ಆ ದಪ್ಪ ತಂತಿ ಕ್ಯಾಸೆಟ್ಟು ಐತಾ?" ಎಂದು ಕೇಳುವಂತಾಯಿತು. ನಾನು ಇದ್ದ ದಿನ ಇಲ್ಲವೆಂದು ಹೇಳಿ ಕಳಿಸುತ್ತಿದ್ದೆ. ಕಟ್ಟನ್ನು ಹಳೆಯ ಭಕ್ತಿಗೀತೆಗಳ ಹಿಂದೆ ಸರಿಸಿಟ್ಟಿದ್ದೆ.

ಒಂದು ದಿನ ನನ್ನ ಗಂಡ ಅದನ್ನು ಕಂಡುಹಿಡಿದರು. ಏನೂ ಕೇಳದೆ ಕಟ್ಟನ್ನು ಮುಂದಕ್ಕೆ ತಂದು ಜೋಡಿಸಿದರು. ಆಮೇಲೆ ಅದನ್ನೇ ಟೇಪಿಗೆ ಹಾಕಿದರು. "ಅದನ್ನ ತೆಗೀರಿ," ಎಂದೆ.

"ಯಾಕೆ? ಚೆನ್ನಾಗೈತಲ್ಲ."

"ತಲೆನೋವು."

ಅವರು ಧ್ವನಿ ಕಡಿಮೆ ಮಾಡಿದರು, ತೆಗೆಯಲಿಲ್ಲ. "ನಿಂಗೆ ಹೊಟ್ಟೆಕಿಚ್ಚು ಕಣೇ," ಎಂದರು. ಬೈಯುವ ದನಿಯಲ್ಲಿ ಅಲ್ಲ. ಜ್ವರ ಬಂದವರ ಹಣೆ ಮುಟ್ಟಿ ಜ್ವರ ಇದೆ ಎನ್ನುವ ಹಾಗೆ. ನಾನು ಮೂರು ದಿನ ಅವರ ಜೊತೆ ಮಾತು ಬಿಟ್ಟೆ.

ಅವನು ಇನ್ನೊಂದು ಕಟ್ಟು ಕೊಡಲು ಬಂದಾಗ ಅಂಗಡಿಯಲ್ಲಿ ನಾನೊಬ್ಬಳೇ ಇದ್ದೆ. ನನ್ನ ಹಾಡನ್ನು ಯಾಕೆ ತೆಗೆದೆ ಎಂದು ಕೇಳಿದೆ. ಅವಮಾನ ಮಾಡಿದೆ ಎಂದೂ ಅಂದೆ. ಅವನು ಸ್ಟೂಲಿನ ಮೇಲೆ ಕೂತು ಬೆರಳಿಗೆ ಅಂಟಿದ್ದ ವಾರ್ನಿಷ್ ಕೆರೆಯತೊಡಗಿದ.

"ಅಕ್ಕಾ, ಹಾಡೋ ರೂಮಿನ ಮೈಕು ಆನ್ ಆಗಿತ್ತು. ಬೆಳಗ್ಗೆಯಿಂದಾನೂ."

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮುಂದಿದ್ದ ಕ್ಯಾಸೆಟ್ಟುಗಳನ್ನು ಸುಮ್ಮನೆ ಜೋಡಿಸತೊಡಗಿದೆ. ನಾನು ಅತ್ತೆಗೆ ಹೇಳಿಕೊಟ್ಟ ಒಂದೊಂದು ಮಾತನ್ನೂ ಅವನು ಗಾಜಿನ ಆಚೆ ಕೂತು ಕೇಳಿದ್ದ.

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

"ಅತ್ತೆ ಮುಂದೆ ಹೆಂಗ್ ಯೋಳ್ಲಿ? ನಿಮ್ಮನ್ನ ಅಷ್ಟು ನಂಬಿದ್ಲು. ಕೇಳಿದ್ರೆ ಅವ್ಳ ಮನಸು ಒಡ್ದೋಗ್ತಿತ್ತು." ವಾರ್ನಿಷ್ ಕೆರೆಯುತ್ತಲೇ ಮುಂದುವರಿಸಿದ. "ಆಮೇಲೆ ಊರಿಗೆ ಹೋಗಿ ಇನ್ನೊಂದ್ಸಲ ಬಾ ಅತ್ತೆ ಅಂತ ಕೇಳ್ದೆ. ನಂದು ಮೈಕಿಗೆ ಆಗೋ ಗಂಟ್ಲಲ್ಲ, ಆ ಯಮ್ಮನೇ ಯೋಳವ್ಳೆ ಅಂದ್ಬುಟ್ಳು. ಬರ್ಲೇ ಇಲ್ಲ."

"ನನ್ನ ಹಾಡು ಚೆನ್ನಾಗಿರ್ಲಿಲ್ವಾ?"

ಅಷ್ಟೆಲ್ಲ ಕೇಳಿದ ಮೇಲೂ ನಾನು ಕೇಳಿದ್ದು ಇದನ್ನೇ. ಅವನಿಗೆ ಕೋಪ ಬರಬೇಕಿತ್ತು, ಬರಲಿಲ್ಲ. "ಚೆನ್ನಾಗೇ ಹಾಡಿದ್ರಿ. ಆದ್ರೆ ನೀವ್ ಹಾಡ್ದಾಗ ನನ್ ಗಿಟಾರು ಕೆಳಗೆ ಹೋಯ್ತದೆ ಅಕ್ಕಾ. ಎಂಟು ವರ್ಷ ಅಲ್ಲೇ ಇದ್ದೆ, ಬೇಜಾರೇನಿಲ್ಲ. ಅತ್ತೆ ಹಾಡಿದ್ರೆ ಪಕ್ಕಕ್ಕೆ ಬರ್ತದೆ. ನನ್ ಕ್ಯಾಸೆಟ್ನಾಗಾದ್ರೂ ಹಂಗೆ ನಿಂತ್ಕೊಬೇಕು ಅನ್ನಿಸ್ತು."

ಅವನು ಎದ್ದು, "ಬತ್ತೀನಿ ಅಕ್ಕಾ" ಎಂದು ಹೊರಟ. ಮುಂದಿನ ಭಾನುವಾರ ಪ್ರಾಕ್ಟೀಸಿಗೂ ಬಂದ, ಮೊದಲಿನ ಹಾಗೇ ನನ್ನ ಹಿಂದೆ ನಿಂತು ನುಡಿಸಿದ. ನನಗೆ ಹಾಡಲು ಕಷ್ಟವಾಯಿತು. ಸ್ವಲ್ಪ ದಿನದಲ್ಲಿ ಮದುವೆಗಳಿಗೆ ವೀಡಿಯೋದವರು ಬಂದರು, ನಮ್ಮನ್ನು ಕರೆಯುವವರು ಕಡಿಮೆಯಾದರು, ಬ್ಯಾಂಡು ತಾನಾಗಿಯೇ ನಿಂತಿತು. ಅವನು ಇನ್ನೂ ಎರಡು ಕ್ಯಾಸೆಟ್ ತಂದ. ಅವೂ ಚೆನ್ನಾಗಿದ್ದವು. ಪ್ರತಿ ಸಲವೂ ನನಗೆ ಉರಿಯಿತು, ಮೊದಲಿನಷ್ಟಲ್ಲ.

ತೊಂಬತ್ತರ ಆಚೆ ಒಂದು ಮಧ್ಯಾಹ್ನ ಅತ್ತೆ ಅಂಗಡಿಗೆ ಬಂದಳು. ಹಿಂದೂಪುರದಲ್ಲಿ ಯಾರದೋ ಮನೆಯ ನಾಮಕರಣ ಮುಗಿಸಿ ಬಸ್ಸಿಗೆ ಹೊರಟವಳು, ನನ್ನನ್ನು ನೋಡಿಕೊಂಡು ಹೋಗೋಣವೆಂದು ಬಂದಿದ್ದಳು. ಕೂದಲು ಪೂರ್ತಿ ನೆರೆತಿತ್ತು. ಸೆರಗಿನಲ್ಲಿ ಕಟ್ಟಿ ತಂದಿದ್ದ ಹುರಿದ ಕಡ್ಲೆಕಾಯಿಯನ್ನು ಕೌಂಟರಿನ ಮೇಲೆ ಸುರಿದಳು. "ಆವತ್ತು ಎಷ್ಟೊತ್ತು ನನ್ ಜತೆ ಕುಂತಿದ್ದೆ ಕಣಮ್ಮ. ಈ ದಡ್ಡಿಗೆ ಎಷ್ಟು ಯೋಳ್ಕೊಟ್ಟೆ. ನಂಗೆ ಬರ್ಲಿಲ್ಲ ಅಷ್ಟೆ," ಎಂದಳು.

ಆ ಮಾತನ್ನು ನುಂಗಲು ನನ್ನಿಂದ ಆಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಬೇಕೆಂದೇ ಮೇಲಿನಿಂದ ಹಾಡಿಸಿದ್ದು, ಕೈ ಕಟ್ಟಿ ಕೂರಿಸಿದ್ದು, ಬ್ಯಾಗಿನಲ್ಲಿ ಕರ್ಚೀಫು ಇದ್ದದ್ದು, ಎಲ್ಲ. ಅವಳು ಒಂದು ಕಾಯಿಯನ್ನು ಬೆರಳಲ್ಲಿ ಹಿಡಿದುಕೊಂಡು ಒಡೆಯದೆ ಕೇಳಿದಳು. ಬೈಯುತ್ತಾಳೆ ಎಂದುಕೊಂಡೆ. ಎದ್ದು ಹೋಗುತ್ತಾಳೆ ಎಂದುಕೊಂಡೆ.

"ಯಾಕಮ್ಮ ಹಂಗ್ ಮಾಡ್ದೆ?" ಎಂದಳು.

"ಹೊಟ್ಟೆ ಉರೀತು ಅತ್ತಮ್ಮ. ನಿಮ್ಮ ಗಂಟಲು ಕೇಳಿ ತಡಿಯಾಕಾಗ್ಲಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. "ನಿಂಗಾ? ನೀನ್ ಹೊಟ್ಟೆ ಉರ್ಕೊಳ್ಳೋವಷ್ಟು ಚೆನ್ನಾಗಿತ್ತಾ ನನ್ ಗಂಟ್ಲು?"

"ಇತ್ತು."

"ನಿಜ್ವಾಗ್ಲೂ?"

"ನಿಜ್ವಾಗ್ಲೂ ಅತ್ತಮ್ಮ. ಅಂಥ ಗಂಟಲು ನಾನು ಆಮೇಲೂ ಕೇಳಿಲ್ಲ."

ಅವಳು ಕೈಯಲ್ಲಿದ್ದ ಕಾಯಿ ಒಡೆದು ಬೀಜವನ್ನು ನನ್ನ ಅಂಗೈಗೆ ಹಾಕಿದಳು. ಕ್ಷಮಿಸಿದ್ದೀನಿ ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದಳು. ಅವಳ ಚೀಲ ಹಿಡಿದುಕೊಂಡು ಕಲ್ಯಾಣದುರ್ಗದ ಬಸ್ಸಿನವರೆಗೆ ಹೋದೆ. ಅವಳಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಪಕ್ಕದಲ್ಲಿ ಯಾರೋ ಗೊತ್ತಿಲ್ಲದ ಹೆಂಗಸು. ಅತ್ತೆ ಚೀಲವನ್ನು ಕಾಲಸಂದಿಗೆ ಇಟ್ಟುಕೊಂಡು, ಸೆರಗು ಸರಿಮಾಡಿಕೊಂಡು, ಆ ಹೆಂಗಸಿನ ಮೊಣಕೈ ತಟ್ಟಿ ನನ್ನನ್ನು ತೋರಿಸಿದಳು.

"ಈಯಮ್ಮ ಪೆದ್ದ ಸಿಂಗರು," ಎಂದಳು ತೆಲುಗಿನಲ್ಲಿ. "ನಾ ಗೊಂತು ಮೀದ ಈಯಮ್ಮಕಿ ಕುಳ್ಳಂಟ." ಈ ಅಮ್ಮ ದೊಡ್ಡ ಹಾಡುಗಾರ್ತಿ, ಇವಳಿಗೆ ನನ್ನ ಗಂಟಲಿನ ಮೇಲೆ ಹೊಟ್ಟೆಕಿಚ್ಚಂತೆ ಎಂದು.

ಆ ಹೆಂಗಸು ನಂಬದೆ ಕಿಟಕಿಯಿಂದ ಬಗ್ಗಿ ನನ್ನನ್ನು ನೋಡಿದಳು. ನಾನು ಕೆಳಗೆ ನಿಂತು ಹೌದೆಂದು ತಲೆಯಾಡಿಸಿದೆ.